ಚಳಿಯಿರುಳು, ಹುಳುಮನೆ, ಕರೆಂಟಿನ ಬಿಲ್ಲು

ಪುಷ್ಯಮಾಸದ ಒಂದು ಇರುಳು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಬಂಡೆಗುಡ್ಡಗಳ ಸೀಮೆ. ಹಗಲೆಲ್ಲ ಬಿಸಿಲು ಕುಡಿದ ಬಂಡೆಗಳು ಕತ್ತಲಾದ ಮೇಲೆ ಆ ಶಾಖವನ್ನೆಲ್ಲ ಆಕಾಶಕ್ಕೆ ಒಪ್ಪಿಸಿ ತಣ್ಣಗಾಗಿವೆ. ಮೇಲೆ ಮೋಡದ ಹೊದಿಕೆಯಿಲ್ಲ. ಈಶಾನ್ಯದ ಒಣಗಾಳಿ ಹೊಲದ ಬದುಗಳ ಮೇಲೆ ಸದ್ದಿಲ್ಲದೆ ಹರಿಯುತ್ತಿದೆ. ಅಕ್ಕೂರಿನಂಥ ಹಳ್ಳಿಯೊಂದರಲ್ಲಿ ಊರೆಲ್ಲ ಕಂಬಳಿಯೊಳಗೆ ಸೇರಿಕೊಂಡಿರುವಾಗ, ಹಿಪ್ಪುನೇರಳೆ ತೋಟದ ಅಂಚಿನ ಉದ್ದನೆಯ ಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಒಳಗೆ ಸಾವಿರಾರು ರೇಷ್ಮೆ ಹುಳುಗಳು ಸೊಪ್ಪು ಮೇಯುತ್ತಿವೆ. ಮೂಲೆಯಲ್ಲಿ ವಿದ್ಯುತ್ ಹೀಟರು ಕೆಂಪಗೆ ಕಾದಿದೆ. ಥಟ್ಟನೆ ದೀಪ ಆರುತ್ತದೆ. ಹೀಟರಿನ ಕೆಂಪು ಮೆಲ್ಲಮೆಲ್ಲನೆ ಕಪ್ಪಾಗುತ್ತದೆ.

“ಕರೆಂಟು ಹೋಯ್ತು ಕಣವ್ವ! ಮೊದಲು ಆ ಕಿಟಕಿ ಗೋಣಿ ಸರಿಮಾಡು, ನಾನು ಕೆಂಡ ನೋಡ್ತೀನಿ” ಎಂದು ಅತ್ತೆ ಕತ್ತಲಲ್ಲೇ ಸೊಸೆಗೆ ಕೂಗಿ ಹೇಳುತ್ತಾಳೆ.

ಹುಳು ಸಾಕುವ ಮನೆಗಳಲ್ಲಿ ಚಳಿಗಾಲದ ರಾತ್ರಿ ಕೇಳಿಬರುವ ಇಂಥ ಮಾತಿನ ಕ್ರಮವನ್ನು ಗಮನಿಸಬೇಕು. ಮೊದಲು ಕಿಟಕಿ, ಆಮೇಲೆ ಕೆಂಡ. ಇರುವ ಶಾಖ ಹೊರಗೆ ಹೋಗದಂತೆ ಕಾಯುವುದು ಮೊದಲನೆಯ ಕೆಲಸ. ಹೊಸ ಶಾಖವನ್ನು ಉಂಟುಮಾಡುವುದು ಎರಡನೆಯದು. ಕರೆಂಟು ಯಾವ ಗಳಿಗೆಯಲ್ಲಿ ಹೋದೀತೆಂಬ ಭಯ ಒಂದು ಕಡೆ, ಉರಿಸಿದಷ್ಟೂ ಏರುವ ಬಿಲ್ಲಿನ ಭಯ ಇನ್ನೊಂದು ಕಡೆ. ಇವೆರಡರ ನಡುವೆ ಬದುಕುವವರು ಕಲಿತುಕೊಂಡಿರುವ ಈ ಪಾಠ, ಪಟ್ಟಣದ ಮನೆಯಲ್ಲಿ ಬಿಸಿನೀರಿನ ಗುಂಡಿ ಒತ್ತುವವರಿಗೂ ಉಪಯೋಗಕ್ಕೆ ಬರತಕ್ಕದ್ದು.

ಚಳಿ ಯಾರಿಗೆ?

ನಮ್ಮ ನಾಡಿನ ಚಳಿಯನ್ನು ಉತ್ತರದವರು ಚಳಿಯೆಂದು ಒಪ್ಪಲಾರರು. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತ್ಯಂತ ಕಡಿಮೆ ಉಷ್ಣಮಾನ ೭.೮ ಡಿಗ್ರಿ ಸೆಂಟಿಗ್ರೇಡ್. ಅದು ೧೮೮೪ರ ಜನವರಿ ೧೩ರಂದು. ಅದರ ನೆರೆಯ ಈ ಸೀಮೆಯಲ್ಲಿ ಸಾಮಾನ್ಯವಾಗಿ ಪುಷ್ಯದ ಬೆಳಗಿನ ಜಾವ ಹದಿನಾಲ್ಕು, ಹದಿನೈದು ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಮನುಷ್ಯನಿಗೆ ಒಂದು ಕಂಬಳಿ, ಒಂದು ಲೋಟ ಬಿಸಿ ಕಾಫಿ ಸಿಕ್ಕರೆ ಅದು ಸುಖದ ಚಳಿಯೇ ಸರಿ.

ಆದರೆ ರೇಷ್ಮೆ ಹುಳುವಿನ ಲೆಕ್ಕವೇ ಬೇರೆ. ಮನುಷ್ಯನ ಮೈ ತನ್ನ ಶಾಖವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಹುಳುವಿಗೆ ಆ ಶಕ್ತಿಯಿಲ್ಲ. ಸುತ್ತಲಿನ ಗಾಳಿ ಎಷ್ಟು ಬೆಚ್ಚಗಿದೆಯೋ ಅದರ ಮೈಯೂ ಅಷ್ಟೇ ಬೆಚ್ಚಗಿರುತ್ತದೆ. ಮೊಟ್ಟೆಯೊಡೆದು ಬಂದ ಎಳೆಯ ಹುಳುವಿಗೆ, ಅಂದರೆ ಚಾಕಿ ಹುಳುವಿಗೆ, ೨೭–೨೮ ಡಿಗ್ರಿ ಶಾಖ ಬೇಕು. ಗಾಳಿಯಲ್ಲಿ ನೂರಕ್ಕೆ ೮೫–೯೦ರಷ್ಟು ತೇವ ಬೇಕು. ಬೆಳೆಯುತ್ತ ಹೋದಂತೆ ಎರಡೂ ಇಳಿಯಬೇಕು. ಮೂರನೆಯ ಹಂತಕ್ಕೆ ೨೬, ನಾಲ್ಕಕ್ಕೆ ೨೫, ಕೊನೆಯ ಐದನೆಯ ಹಂತಕ್ಕೆ ೨೪ ಡಿಗ್ರಿ. ತೇವ ನೂರಕ್ಕೆ ೭೦ ಇದ್ದರೆ ಸಾಕು. ಹೀಗೆ ಒಂದೇ ತಿಂಗಳೊಳಗೆ ಒಂದೇ ಮನೆಯ ಹವೆಯನ್ನು ಹಂತಹಂತವಾಗಿ ಬದಲಾಯಿಸುತ್ತ ಹೋಗಬೇಕು. ಹೊರಗಿನ ಚಳಿಗೂ ಒಳಗಿನ ಈ ಅಗತ್ಯಕ್ಕೂ ಹತ್ತು ಹನ್ನೆರಡು ಡಿಗ್ರಿಯ ಅಂತರ. ಆ ಅಂತರವನ್ನು ರಾತ್ರಿಯಿಡೀ ಎತ್ತಿ ಹಿಡಿಯುವುದೇ ಚಳಿಗಾಲದ ಹುಳು ಸಾಕಾಣಿಕೆ.

ಉಷ್ಣಮಾನ ೨೦ ಡಿಗ್ರಿಗಿಂತ ಕೆಳಗಿಳಿದರೆ ಹುಳು ಒಡನೆಯೇ ಸಾಯುವುದಿಲ್ಲ. ಅದು ಮಂಕಾಗುತ್ತದೆ, ಸೊಪ್ಪಿಗೆ ಬಾಯಿ ಹಾಕುವುದನ್ನು ಕಡಿಮೆ ಮಾಡುತ್ತದೆ. ನಾಲ್ಕು ಬಾರಿ ಪೊರೆ ಬಿಡುವ ಈ ಹುಳು ಪ್ರತಿ ಬಾರಿಯೂ ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ನಿಲ್ಲುವುದನ್ನು ರೈತರು ‘ಜ್ವರ’ವೆನ್ನುತ್ತಾರೆ. ಬೆಚ್ಚನೆಯ ಮನೆಯಲ್ಲಿ ಒಂದು ದಿನದಷ್ಟರಲ್ಲಿ ಬಿಡುವ ಜ್ವರ ಚಳಿಯಲ್ಲಿ ಎಳೆದಾಡುತ್ತದೆ. ಒಂದು ತಟ್ಟೆಯ ಹುಳುಗಳಲ್ಲೇ ಕೆಲವು ಜ್ವರದಿಂದೆದ್ದು ಹಸಿದಿರುತ್ತವೆ, ಕೆಲವು ಇನ್ನೂ ಮಲಗಿರುತ್ತವೆ. ಎದ್ದವಕ್ಕೆ ಸೊಪ್ಪು ಹಾಕಿದರೆ ಮಲಗಿದವು ಅದರಡಿಯಲ್ಲಿ ಮುಚ್ಚಿಹೋಗುತ್ತವೆ. ಹಾಕದಿದ್ದರೆ ಎದ್ದವು ಹಸಿದು ಬಡವಾಗುತ್ತವೆ. ಇದರ ಮೇಲೆ ತಂಪೂ ತೇವವೂ ಕೂಡಿದರೆ ಸುಣ್ಣಕಟ್ಟು ರೋಗಕ್ಕೆ ಬಾಗಿಲು ತೆರೆದಂತೆ. ಶಿಲೀಂಧ್ರ ಹತ್ತಿ ಸತ್ತ ಹುಳು ಸೀಮೆಸುಣ್ಣದ ಕಡ್ಡಿಯಂತೆ ಬೆಳ್ಳಗೆ ಬಿರುಸಾಗುವುದರಿಂದ ಅದಕ್ಕೆ ಆ ಹೆಸರು.

ಒಂದು ಚಿಟ್ಟೆ ಇಡುವ ಮೊಟ್ಟೆಗಳು ನಾನೂರರಿಂದ ಐನೂರು. ನೂರು ಚಿಟ್ಟೆಗಳ ಮೊಟ್ಟೆ ತಂದ ರೈತ ನಲವತ್ತು ಐವತ್ತು ಸಾವಿರ ಜೀವಗಳನ್ನು ಮನೆಗೆ ತಂದನೆಂದು ಅರ್ಥ. ಸೊಪ್ಪಿನ ಗೊಬ್ಬರ, ಆಳಿನ ಕೂಲಿ, ಚಾಕಿಯ ಬೆಲೆ ಎಲ್ಲವೂ ಮೊದಲೇ ಖರ್ಚಾಗಿರುತ್ತದೆ. ಗೂಡು ರಾಮನಗರದ ಮಾರುಕಟ್ಟೆಯ ಹರಾಜು ಕಟ್ಟೆಗೆ ಹೋದಮೇಲೆಯೇ ಕೈಗೆ ಹಣ. ಹಾಗೆಂದಮೇಲೆ ಒಂದು ರಾತ್ರಿಯ ಕತ್ತಲೆ ಆ ಮನೆಯ ಮೂರು ತಿಂಗಳ ಸಂಸಾರಕ್ಕೆ ಸಂಬಂಧಪಟ್ಟ ವಿಷಯ.

ಮನೆಯೊಳಗಿದ್ದ ಹುಳು ಮನೆಯಾಚೆಗೆ

ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿ ಟಿಪ್ಪು ಸುಲ್ತಾನನು ಮೈಸೂರು ಸೀಮೆಯಲ್ಲಿ ರೇಷ್ಮೆಗೆ ಪ್ರೋತ್ಸಾಹ ಕೊಟ್ಟಂದಿನಿಂದ ಈ ಭಾಗದ ಒಕ್ಕಲುಮನೆಗಳಲ್ಲಿ ಹುಳು ಮನೆಮಂದಿಯಲ್ಲೊಂದಾಯಿತು. ಬಹುಕಾಲ ಅದು ವಾಸದ ಮನೆಯ ನಡುಮನೆಯಲ್ಲೇ ಬಿದಿರಿನ ತಟ್ಟೆಗಳಲ್ಲಿ ಬೆಳೆಯಿತು. ದಪ್ಪನೆಯ ಮಣ್ಣಿನ ಗೋಡೆ, ತಗ್ಗಾದ ಮಾಡು, ಚಿಕ್ಕ ಚಿಕ್ಕ ಕಿಟಕಿ. ಪಕ್ಕದಲ್ಲಿ ಅಡುಗೆಯ ಒಲೆ, ಇತ್ತ ಬಚ್ಚಲ ಹಂಡೆಯ ಉರಿ, ಜೊತೆಗೆ ಹತ್ತಾರು ಜನರ ಮೈಶಾಖ. ಯಾರೂ ಲೆಕ್ಕ ಹಾಕದೆಯೇ ಆ ಮನೆ ಬೆಚ್ಚಗಿರುತ್ತಿತ್ತು.

ಆದರೆ ಅದರಲ್ಲಿ ದೋಷವೂ ಇತ್ತು. ಹೊಗೆ ಹುಳುವಿಗೆ ಆಗದು. ಜನರ ಓಡಾಟದಿಂದ ರೋಗ ಹರಡುತ್ತದೆ. ಒಂದು ಬೆಳೆ ಮುಗಿದ ಮೇಲೆ ಮನೆಯನ್ನು ಪೂರ್ತಿಯಾಗಿ ತೊಳೆದು ಔಷಧ ಸಿಂಪಡಿಸುವುದು ವಾಸದ ಮನೆಯಲ್ಲಿ ಆಗದ ಕೆಲಸ. ಆದ್ದರಿಂದ ತಜ್ಞರು ಪ್ರತ್ಯೇಕ ಹುಳುಮನೆ ಕಟ್ಟಿಕೊಳ್ಳಿರೆಂದರು; ಸರ್ಕಾರವೂ ಅದಕ್ಕೆ ಸಹಾಯಧನ ಕೊಟ್ಟಿತು. ತಟ್ಟೆಗಳ ಬದಲು ಉದ್ದನೆಯ ಅಟ್ಟಣೆಗಳು ಬಂದವು. ಎಲೆ ಬಿಡಿಸಿ ಹೆಚ್ಚಿ ಹಾಕುವ ಬದಲು ರೆಂಬೆಯನ್ನೇ ಕಡಿದು ಹಾಸುವ ಪದ್ಧತಿ ಬಂದಿತು. ರೋಗ ಕಡಿಮೆಯಾಯಿತು, ಹೆಂಗಸರ ದುಡಿಮೆಯ ಭಾರವೂ ತಕ್ಕಮಟ್ಟಿಗೆ ಇಳಿಯಿತು. ಇದು ನಿಜವಾದ ಲಾಭವೇ.

ಆದರೆ ಹೊಸ ಹುಳುಮನೆ ಎತ್ತರ, ವಿಶಾಲ. ಅನೇಕ ಕಡೆ ಮೇಲೆ ತೆಳುವಾದ ತಗಡು ಅಥವಾ ಸಿಮೆಂಟ್ ಶೀಟು. ಹಗಲು ಬಿಸಿಲಿಗೆ ಕಾಯುವಂತೆಯೇ ಇರುಳು ಬಲುಬೇಗ ಆರಿಹೋಗುವ ಮಾಡು ಅದು. ಒಲೆಯ ಶಾಖವಿಲ್ಲ, ಜನರ ಮೈಶಾಖವಿಲ್ಲ. ಹಿಂದೆ ಮನೆಯೇ ಬಿಟ್ಟಿಯಾಗಿ ಕೊಡುತ್ತಿದ್ದುದನ್ನು ಈಗ ತಂತಿಯ ಮೂಲಕ ಕೊಂಡು ತರಬೇಕಾಯಿತು. ಹುಳುಮನೆಗೆ ಹೀಟರು ಬಂದ ಕಥೆ ಇದು.

ತಂತಿಯ ಆಚೆಯ ತುದಿ

ವಿದ್ಯುತ್ತಿಗೂ ಈ ಸೀಮೆಗೂ ಹಳೆಯ ನೆರೆಹೊರೆ. ಕನಕಪುರದ ದಕ್ಷಿಣಕ್ಕೆ ಕಾವೇರಿ ಧುಮುಕುವ ಶಿವನಸಮುದ್ರದಿಂದ ೧೯೦೨ರಲ್ಲಿ ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿ ಹರಿಯಿತು. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಯಲ್ಲಿ ವಿದ್ಯುದ್ದೀಪ ಹೊತ್ತಿತು. ಆದರೆ ನೆರೆಯಲ್ಲಿ ಹುಟ್ಟಿದ ಬೆಳಕು ಹಳ್ಳಿಯ ಮನೆಗಳಿಗೆ ಬರಲು ದಶಕಗಳೇ ಬೇಕಾದವು. ೧೯೫೭ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಲಿ ಸ್ಥಾಪನೆಯಾಯಿತು. ೨೦೦೨ರಲ್ಲಿ ವಿತರಣೆಯ ಕೆಲಸವನ್ನು ಪ್ರಾದೇಶಿಕ ಕಂಪನಿಗಳಿಗೆ ಹಂಚಿದಾಗ ಈ ಭಾಗ ಬೆಸ್ಕಾಂ ಪಾಲಿಗೆ ಬಂದಿತು.

ಕರೆಂಟು ಹೋಗುವುದೇಕೆ? ಮಳೆಗಾಲದಲ್ಲಿ ಗಾಳಿಗೆ ಮರ ಬಿದ್ದು ತಂತಿ ಹರಿಯುತ್ತದೆ. ಅದು ಕಣ್ಣಿಗೆ ಕಾಣುವ ಕಾರಣ. ಚಳಿಗಾಲದ ಕಾರಣಗಳು ಕಾಣದವು. ಮಳೆ ನಿಂತ ಮೇಲೆ ಹೊಲ ತೋಟಗಳ ಪಂಪುಗಳು ಒಮ್ಮೆಗೇ ಚಾಲೂ ಆಗುತ್ತವೆ. ಊರಿನ ಟ್ರಾನ್ಸ್‌ಫಾರ್ಮರ್ ತನ್ನ ಅಳವಿಗೆ ಮೀರಿದ ಭಾರ ಹೊತ್ತಾಗ ಫ್ಯೂಸು ಹೋಗುತ್ತದೆ, ಕೆಲವೊಮ್ಮೆ ಅದೇ ಸುಟ್ಟುಹೋಗುತ್ತದೆ. ಅದನ್ನು ಬದಲಿಸುವವರೆಗೆ ಊರು ಕಾಯಬೇಕು. ಮಳೆ ಕೈಕೊಟ್ಟ ವರ್ಷವಾದರೆ ಜಲಾಶಯಗಳೇ ತಗ್ಗಿರುತ್ತವೆ. ೨೦೨೩ರಲ್ಲಿ ಹಾಗೆ ಬರ ಬಿದ್ದಾಗ ಅಕ್ಟೋಬರ್ ತಿಂಗಳಿನಲ್ಲೇ ರಾಜ್ಯದಲ್ಲಿ ವಿದ್ಯುತ್ತಿನ ಅಭಾವ ತಲೆದೋರಿ, ಪಂಪುಗಳಿಗೆ ಕೊಡುವ ಗಂಟೆಗಳ ಲೆಕ್ಕವೇ ದೊಡ್ಡ ಚರ್ಚೆಯಾಯಿತು.

ಇಲ್ಲಿ ಇನ್ನೊಂದು ವಿಚಿತ್ರವುಂಟು. ನೆರೆಯ ತುಮಕೂರು ಜಿಲ್ಲೆಯ ಪಾವಗಡದಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಉದ್ಯಾನವಿದೆ. ಹಗಲಿನಲ್ಲಿ ಬಿಸಿಲಿನಿಂದ ಹೇರಳವಾಗಿ ವಿದ್ಯುತ್ತು ಹುಟ್ಟುತ್ತದೆ. ಆದರೆ ಹುಳುವಿಗೆ ಚಳಿಯಾಗುವುದು ಬಿಸಿಲು ಮುಳುಗಿದ ಮೇಲೆ. ಸೂರ್ಯ ಕೊಡುವ ಹೊತ್ತಿಗೂ ಹುಳುಮನೆ ಕೇಳುವ ಹೊತ್ತಿಗೂ ಹೊಂದಾಣಿಕೆಯೇ ಇಲ್ಲ.

ಒಂದು ರಾತ್ರಿಯ ಲೆಕ್ಕ

ಹೀಟರಿನ ಖರ್ಚನ್ನು ತಿಳಿಯಲು ದೊಡ್ಡ ಗಣಿತ ಬೇಡ. ಒಂದು ಸಾವಿರ ವಾಟಿನ ಉಪಕರಣ ಒಂದು ಗಂಟೆ ಉರಿದರೆ ಒಂದು ಯೂನಿಟ್. ಎರಡು ಸಾವಿರ ವಾಟಿನ ಹೀಟರು ರಾತ್ರಿ ಎಂಟರಿಂದ ಬೆಳಿಗ್ಗೆ ಆರರವರೆಗೆ ಬಿಡುವಿಲ್ಲದೆ ಉರಿದರೆ ಇಪ್ಪತ್ತು ಯೂನಿಟ್. ಚಾಕಿ ಮುಗಿದ ಹುಳು ಗೂಡು ಕಟ್ಟುವವರೆಗೆ ಚಳಿಗಾಲದಲ್ಲಿ ಇಪ್ಪತ್ತು ರಾತ್ರಿ ಎಂದು ಹಿಡಿದರೆ ನಾನೂರು ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿಯೆಂದು ಊಹಿಸಿಕೊಂಡರೆ ಒಂದು ಹೀಟರಿನ ಪಾಲೇ ೨,೪೦೦ ರೂಪಾಯಿ. ದೊಡ್ಡ ಮನೆಗೆ ಒಂದು ಹೀಟರು ಸಾಲದು. ಎರಡಾದರೆ ಲೆಕ್ಕವೂ ಇಮ್ಮಡಿ.

ಮನೆಯಲ್ಲಿ ಯುಪಿಎಸ್ ಇದೆಯಲ್ಲ ಎನ್ನಬಹುದು. ಸಾಮಾನ್ಯವಾಗಿ ಮನೆಗಳಲ್ಲಿಡುವ ೧೨ ವೋಲ್ಟಿನ, ೧೫೦ ಆಂಪಿಯರ್‌–ಗಂಟೆಯ ಬ್ಯಾಟರಿಯಲ್ಲಿ ಪೂರ್ತಿ ತುಂಬಿದಾಗಲೂ ಇರುವುದು ಎರಡು ಯೂನಿಟ್ಟಿಗಿಂತ ಕಡಿಮೆ ಶಕ್ತಿ. ನಾಲ್ಕು ದೀಪ, ಒಂದು ಫ್ಯಾನು ಅದರಿಂದ ಗಂಟೆಗಟ್ಟಲೆ ನಡೆದಾವು. ಎರಡು ಸಾವಿರ ವಾಟಿನ ಹೀಟರಿಗೆ ಅದು ಒಂದು ಗಂಟೆಗೂ ಸಾಲದು. ಆ ಭಾರವನ್ನು ಚಿಕ್ಕ ಯುಪಿಎಸ್ ಹೊರುವುದೇ ಇಲ್ಲ. ಬೆಳಕನ್ನು ಕೂಡಿಟ್ಟುಕೊಳ್ಳುವುದು ಸುಲಭ, ವಿದ್ಯುತ್ತಿನ ರೂಪದಲ್ಲಿ ಬಿಸಿಯನ್ನು ಕೂಡಿಡುವುದು ಬಲು ದುಬಾರಿ.

ಹಾಗಾದರೆ ಬಿಸಿಯನ್ನು ಬೇರೆ ಯಾವುದರಲ್ಲಿ ಕೂಡಿಡಬೇಕು? ಗೋಡೆಯಲ್ಲಿ, ಹೊದಿಕೆಯಲ್ಲಿ, ಮುಚ್ಚಿದ ಸಂದಿನಲ್ಲಿ. ಅತ್ತೆಯ ಮಾತಿನಲ್ಲಿ ಕಿಟಕಿ ಮೊದಲಾದುದು ಇದೇ ಕಾರಣಕ್ಕೆ.

ಶಾಖವನ್ನು ಕಾಯುವ ವಿದ್ಯೆ

ಅನುಭವಿಗಳಾದ ಸಾಕಾಣಿಕೆದಾರರು ಚಳಿಗಾಲದ ಬೆಳೆಗೆ ಮುಂಚೆಯೇ ಮನೆಯ ಸಂದುಗೊಂದುಗಳನ್ನು ನೋಡಿಕೊಳ್ಳುತ್ತಾರೆ. ಮಾಡು ಮತ್ತು ಗೋಡೆ ಸೇರುವಲ್ಲಿ ಬಿಟ್ಟಿರುವ ಅಂತರ, ಬಾಗಿಲಿನ ಅಡಿಯ ಸಂದು, ಮುರಿದ ಕಿಟಕಿಯ ಗಾಜು, ಇವುಗಳ ಮೂಲಕ ರಾತ್ರಿಯಿಡೀ ಬಿಸಿಗಾಳಿ ಹೊರಗೆ ಸೋರುತ್ತದೆ. ಅವನ್ನು ಗೋಣಿತಾಟಿನಿಂದ ಮುಚ್ಚುತ್ತಾರೆ. ಬಿಸಿಗಾಳಿ ಹಗುರವಾದ್ದರಿಂದ ಮೇಲಕ್ಕೇರಿ ಶೀಟಿಗೆ ತಗುಲಿ ತಣ್ಣಗಾಗುತ್ತದೆ. ಆದುದರಿಂದ ಶೀಟಿನ ಕೆಳಗೆ ಗೋಣಿಯದೋ ಚಾಪೆಯದೋ ಒಂದು ಒಳಮಾಡನ್ನು ಕಟ್ಟಿದರೆ ನಡುವೆ ನಿಂತ ಗಾಳಿಯೇ ಕಂಬಳಿಯಾಗುತ್ತದೆ. ಶೀಟಿನ ಮೇಲೆ ತೆಂಗಿನ ಗರಿ ಹೊದಿಸಿದರೆ ಇರುಳಿನ ಚಳಿಯನ್ನೂ ಬೇಸಗೆಯ ಬಿಸಿಲನ್ನೂ ಅದೇ ತಡೆಯುತ್ತದೆ.

ಎರಡನೆಯ ಉಪಾಯ, ಕಾಯಿಸುವ ಜಾಗವನ್ನೇ ಚಿಕ್ಕದು ಮಾಡುವುದು. ಎಳೆಯ ಹುಳು ಇರುವುದು ಎರಡು ಅಟ್ಟಣೆಯಷ್ಟು ಜಾಗದಲ್ಲಿ. ಅದಕ್ಕಾಗಿ ಇಡೀ ಮನೆಯನ್ನು ಕಾಯಿಸುವುದೇಕೆ? ಪರದೆ ಕಟ್ಟಿ ಒಂದು ಭಾಗವನ್ನು ಬೇರ್ಪಡಿಸಿದರೆ ಅರ್ಧ ಖರ್ಚಿನಲ್ಲಿ ಕೆಲಸವಾಗುತ್ತದೆ. ಹುಳು ಬೆಳೆದು ಹರಡಿದಂತೆ ಪರದೆಯನ್ನು ಹಿಂದಕ್ಕೆ ಸರಿಸುತ್ತ ಹೋಗಬಹುದು. ಹುಳು ದೊಡ್ಡದಾದಂತೆ ಅದಕ್ಕೆ ಬೇಕಾದ ಶಾಖವೂ ಕಡಿಮೆಯಾಗುವುದರಿಂದ ಪ್ರಕೃತಿಯೇ ಇಲ್ಲಿ ರೈತನ ಪಕ್ಷದಲ್ಲಿದೆ.

ಮೂರನೆಯದು, ಹಂಚಿಕೊಳ್ಳುವುದು. ಅತಿ ಹೆಚ್ಚು ಶಾಖ ಬೇಕಾದ ಮೊದಲ ಎರಡು ಹಂತಗಳನ್ನು ಈಗ ಅನೇಕ ರೈತರು ತಮ್ಮ ಮನೆಯಲ್ಲಿ ನಡೆಸುವುದಿಲ್ಲ. ಚಾಕಿ ಸಾಕಾಣಿಕಾ ಕೇಂದ್ರಗಳು ಹಲವು ರೈತರ ಹುಳುಗಳನ್ನು ಒಂದೇ ಸೂರಿನಡಿ ಎರಡನೆಯ ಜ್ವರದವರೆಗೆ ಬೆಳೆಸಿ ಕೊಡುತ್ತವೆ. ಐವತ್ತು ಮನೆಗಳಲ್ಲಿ ಐವತ್ತು ಹೀಟರು ಉರಿಯುವ ಬದಲು ಚೆನ್ನಾಗಿ ಕಟ್ಟಿದ ಒಂದು ಕೋಣೆ ಬೆಚ್ಚಗಿದ್ದರೆ ಸಾಕು. ಅಲ್ಲಿ ಹುಳುವಿನ ಹಾಸಿಗೆಯ ಕೆಳಗೂ ಮೇಲೂ ಮೇಣದ ಕಾಗದ ಹಾಸಿ, ಸುತ್ತ ಒದ್ದೆ ಸ್ಪಂಜಿನ ಪಟ್ಟಿ ಇಟ್ಟು ತೇವವನ್ನೂ ಕಾಪಾಡುತ್ತಾರೆ. ಏಕೆಂದರೆ ಹೀಟರಿನ ಬಿಸಿ ಗಾಳಿಯನ್ನು ಒಣಗಿಸುತ್ತದೆ. ಎಳೆಯ ಹುಳುವಿಗೆ ಬಾಡಿದ ಎಲೆ ಉಪವಾಸಕ್ಕೆ ಸಮ.

ಇನ್ನು ಮೇವಿನ ವಿಚಾರ. ಬೆಳಗಿನ ಇಬ್ಬನಿ ಹೊತ್ತ ಸೊಪ್ಪನ್ನು ತಂದು ಹಾಕಿದರೆ ಹಾಸಿಗೆ ಒದ್ದೆಯಾಗಿ ರೋಗ ಬರುತ್ತದೆ. ಆದ್ದರಿಂದ ಬಿಸಿಲೇರಿ ಇಬ್ಬನಿ ಆರಿದ ಮೇಲೆಯೇ ಕೊಯ್ಯುತ್ತಾರೆ. ಹುಳು ಜ್ವರಕ್ಕೆ ಕುಳಿತಾಗ ಹಾಸಿಗೆಯ ಮೇಲೆ ಸುಣ್ಣದ ಪುಡಿ ಉದುರಿಸಿದರೆ ತೇವ ಹೀರಿಕೊಳ್ಳುತ್ತದೆ. ಗೋಡೆಯ ಮೇಲೆ ಒಣ–ಹಸಿ ಬುರುಡೆಗಳ ಉಷ್ಣಮಾಪಕವನ್ನು ತೂಗುಹಾಕಿ ಕಣ್ಣಂದಾಜಿನ ಬದಲು ಅಂಕೆಯನ್ನು ನಂಬುವವರು ಬಿಲ್ಲಿನಲ್ಲಿ ಗೆಲ್ಲುತ್ತಾರೆ: ೨೬ ಡಿಗ್ರಿ ಸಾಕಾದಲ್ಲಿ ೩೦ ಡಿಗ್ರಿ ಕಾಯಿಸುವುದು ಹಣಕ್ಕೂ ನಷ್ಟ, ಹುಳುವಿಗೂ ಕಷ್ಟ. ಹೀಟರಿಗೆ ಶಾಖ ನಿಯಂತ್ರಕವನ್ನು ಜೋಡಿಸಿದರೆ ಬೇಕಾದಷ್ಟು ಬಿಸಿಯಾದೊಡನೆ ಅದು ತಾನೇ ಆರುತ್ತದೆ. ಸಂದು ಮುಚ್ಚಿದ ಮನೆಯಲ್ಲಿ ಹೀಗೆ ಆರಿರುವ ಹೊತ್ತೇ ಉಳಿತಾಯ.

ಹುಳು ಎಲೆ ಮೇದು ಉಳಿಸಿದ ಹಿಪ್ಪುನೇರಳೆ ಕಡ್ಡಿಯೂ ವ್ಯರ್ಥವಾಗುವುದಿಲ್ಲ. ಅದು ಒಣಗಿ ಬಚ್ಚಲ ಹಂಡೆಯಡಿಯಲ್ಲಿ ಸೌದೆಯಾಗುತ್ತದೆ. ಹುಳುಮನೆಯ ಬಿಲ್ಲಿನ ಬಿಸಿ ತಟ್ಟಿದ ಮನೆಯವರು ಸ್ನಾನದ ನೀರಿಗೆ ಒಂದು ಯೂನಿಟ್ಟನ್ನೂ ಖರ್ಚುಮಾಡದಿರುವುದು ಈ ಕಡ್ಡಿಯ ದಯೆಯಿಂದ.

ಕೆಂಡದ ಉಪಕಾರ, ಕೆಂಡದ ಅಪಾಯ

ಇಷ್ಟೆಲ್ಲ ಮಾಡಿದರೂ ಕರೆಂಟು ಹೋದ ಮೇಲೆ ಮೂರು ನಾಲ್ಕು ಗಂಟೆ ಬಾರದಿದ್ದರೆ ಇದ್ದಿಲೇ ಗತಿ. ವಿದ್ಯುತ್ತು ಬರುವುದಕ್ಕೆ ಮೊದಲೂ ಇದ್ದಿಲಿನ ಅಗ್ಗಿಷ್ಟಿಕೆಯೇ ಹುಳುಮನೆಯ ಹೀಟರಾಗಿತ್ತು. ಅದರಲ್ಲೊಂದು ಶಿಸ್ತಿದೆ. ಇದ್ದಿಲನ್ನು ಅಂಗಳದಲ್ಲಿ ಹೊತ್ತಿಸಿ, ಹೊಗೆಯೆಲ್ಲ ಹೋಗಿ ಕೆಂಡ ನಿಗಿನಿಗಿಯಾದ ಮೇಲೆಯೇ ಒಳಗೆ ತರಬೇಕು. ಹೊಗೆ ಹೋಯಿತೆಂದ ಮಾತ್ರಕ್ಕೆ ಅಪಾಯ ಹೋಯಿತೆಂದಲ್ಲ. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ರಕ್ತದಲ್ಲಿ ಆಮ್ಲಜನಕದ ಸ್ಥಾನವನ್ನು ಕಸಿದುಕೊಳ್ಳುತ್ತದೆ. ತಲೆನೋವು, ಓಕರಿಕೆ, ಮಂಪರು; ಮಲಗಿದವನು ಏಳದೆಯೇ ಹೋಗಬಹುದು.

ಈ ಅಪಾಯಕ್ಕೆ ಬಡದೇಶ, ಸಿರಿದೇಶಗಳ ಭೇದವಿಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯ ತೈಲಕ್ಕೂ ಅನಿಲಕ್ಕೂ ಹೆಸರಾದದ್ದು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ನಗರಗಳಲ್ಲಿ ಕನ್ನಡ ಕುಟುಂಬಗಳು ಹಲವಾರು. ೨೦೨೧ರ ಫೆಬ್ರವರಿಯಲ್ಲಿ ಅಲ್ಲಿ ಹಿಮಗಾಳಿ ಬೀಸಿತು. ಚಳಿಗೆ ಎಲ್ಲರೂ ಹೀಟರು ಹಾಕಿದ ಹೊತ್ತಿಗೇ ಅನಿಲದ ಬಾವಿಗಳೂ ವಿದ್ಯುತ್ ಸ್ಥಾವರಗಳೂ ಹೆಪ್ಪುಗಟ್ಟಿ ನಿಂತವು. ನಲವತ್ತೈದು ಲಕ್ಷಕ್ಕೂ ಹೆಚ್ಚು ಮನೆಗಳು ಕತ್ತಲಲ್ಲಿ ಮುಳುಗಿದವು, ಹಲವು ದಿನಗಟ್ಟಲೆ. ಸರ್ಕಾರದ ಲೆಕ್ಕದಂತೆಯೇ ೨೪೬ ಜನ ಸತ್ತರು. ಹೆಚ್ಚಿನವರನ್ನು ಕೊಂದದ್ದು ಚಳಿ. ಕೆಲವರನ್ನು ಕೊಂದದ್ದು ಚಳಿಗೆ ಮಾಡಿಕೊಂಡ ಉಪಾಯ. ಮನೆಯೊಳಗೆ ಇದ್ದಿಲ ಒಲೆ ಹೊತ್ತಿಸಿದವರು, ಮುಚ್ಚಿದ ಗ್ಯಾರೇಜಿನಲ್ಲಿ ಕಾರಿನ ಎಂಜಿನ್ ನಡೆಸಿ ಮೈ ಕಾಯಿಸಿಕೊಂಡವರು ಅದೇ ಕಾಣದ ಅನಿಲಕ್ಕೆ ಸಿಕ್ಕಿದರು. ಆ ದಿನಗಳಲ್ಲಿ ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಒಂದು ಯೂನಿಟ್ಟಿನ ಬೆಲೆ ೯ ಡಾಲರಿಗೇರಿತ್ತು. ಸಗಟು ದರಕ್ಕೆ ಕಟ್ಟುಬಿದ್ದಿದ್ದ ಗ್ರಾಹಕರಿಗೆ ಸಾವಿರಾರು ಡಾಲರಿನ ಬಿಲ್ಲು ಬಂದಿತು. ಕತ್ತಲೆ ಒಬ್ಬರಿಗೆ, ಬಿಲ್ಲು ಇನ್ನೊಬ್ಬರಿಗೆ. ಚಳಿ ಮಾತ್ರ ಎಲ್ಲರಿಗೂ.

ಆದ್ದರಿಂದ ಸಂದು ಮುಚ್ಚುವುದಕ್ಕೂ ಒಂದು ಮಿತಿಯುಂಟು. ಹೀಟರು ಉರಿಯುವ ಮನೆಯನ್ನು ಭದ್ರವಾಗಿ ಮುಚ್ಚಬಹುದು. ಕೆಂಡವಿರುವ ಮನೆಯಲ್ಲಿ ಮೇಲೊಂದು, ಕೆಳಗೊಂದು ಗಾಳಿಗಂಡಿ ತೆರೆದಿರಲೇಬೇಕು, ಆ ಕೋಣೆಯಲ್ಲಿ ಯಾರೂ ಮಲಗಕೂಡದು. ಹುಳುವಿಗೂ ಉಸಿರಾಟವುಂಟು, ಹಿಕ್ಕೆಯಿಂದಲೂ ಹಳೆಯ ಸೊಪ್ಪಿನಿಂದಲೂ ಏಳುವ ಕೆಟ್ಟ ಗಾಳಿ ಹೊರಗೆ ಹೋಗಬೇಕು. ಅದಕ್ಕಾಗಿ ನಡುಹಗಲಿನಲ್ಲಿ, ಹೊರಗಿನ ಗಾಳಿ ಬೆಚ್ಚಗಿರುವಾಗ, ಕಿಟಕಿಗಳನ್ನೆಲ್ಲ ತೆರೆದಿಡುತ್ತಾರೆ. ಇರುಳಿನಲ್ಲಿ ಕಾಯ್ದದ್ದನ್ನು ಹಗಲಿನಲ್ಲಿ ಬದಲಾಯಿಸಿಕೊಳ್ಳುವ ಜಾಣತನ ಇದು.

ಪಟ್ಟಣದ ಮನೆಗೆ

ಪಟ್ಟಣದ ಸಂಸಾರಕ್ಕೆ ಹುಳುವಿಲ್ಲ. ಆದರೆ ಚಳಿಗಾಲದ ಬಿಲ್ಲು ಅಲ್ಲಿಯೂ ಉಂಟು. ಅದರ ದೊಡ್ಡ ಪಾಲು ಬಚ್ಚಲಮನೆಯಲ್ಲಿದೆ. ಇಪ್ಪತ್ತು ಲೀಟರಿನ ಒಂದು ಬಕೆಟ್ ನೀರನ್ನು ೨೦ ಡಿಗ್ರಿಯಿಂದ ೪೦ ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ಟಿಗಿಂತ ತುಸು ಕಡಿಮೆ ಶಕ್ತಿ ಬೇಕು. ನಾಲ್ಕು ಜನರ ಮನೆಯಲ್ಲಿ ಒಬ್ಬೊಬ್ಬರಿಗೆ ಎರಡೆರಡು ಬಕೆಟ್ಟಾದರೆ ತಿಂಗಳಿಗೆ ನೂರಹತ್ತು ಯೂನಿಟ್ಟಿನಷ್ಟು ನೀರಿನೊಡನೆಯೇ ಹರಿದುಹೋಗುತ್ತದೆ. ೨೦೨೩ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯ ನಿಯಮದಂತೆ, ಹಿಂದಿನ ಸರಾಸರಿ ಬಳಕೆಯನ್ನು ಆಧರಿಸಿದ ಮಿತಿಯವರೆಗೆ ಮನೆಬಳಕೆಗೆ ಶುಲ್ಕವಿಲ್ಲ. ಮಿತಿ ಮೀರಿದ ಯೂನಿಟ್ಟಿಗೆ ಹಣ ತೆರಬೇಕು. ತಿಂಗಳ ಬಳಕೆ ೨೦೦ ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ಬೇಸಗೆಯಲ್ಲಿ ಮಿತಿಯೊಳಗಿದ್ದ ಎಷ್ಟೋ ಮನೆಗಳನ್ನು ಪುಷ್ಯಮಾಸದ ಗೀಸರು ಆ ಗೆರೆಯಿಂದಾಚೆಗೆ ತಳ್ಳಬಲ್ಲದು.

ಇಲ್ಲಿಯೂ ಅತ್ತೆಯ ಕ್ರಮವೇ ದಾರಿ. ಕಾದ ನೀರು ನಿಂತಷ್ಟು ಹೊತ್ತೂ ಬಿಸಿಯನ್ನು ಕಳೆದುಕೊಳ್ಳುತ್ತದೆ. ಆದುದರಿಂದ ಗೀಸರನ್ನು ದಿನವೆಲ್ಲ ಹಾಕಿಡದೆ, ಸ್ನಾನಕ್ಕೆ ಸ್ವಲ್ಪ ಮುಂಚೆ ಹಾಕಿ, ಎಲ್ಲರೂ ಒಬ್ಬರ ಹಿಂದೊಬ್ಬರು ಸ್ನಾನ ಮುಗಿಸುವುದು ಮೇಲು. ಕುದಿಯುವಷ್ಟು ಕಾಯಿಸಿ ತಣ್ಣೀರು ಬೆರೆಸುವುದ್ಯಾಕೆ? ಬೇಕಾದಷ್ಟಕ್ಕೇ ಮುಳ್ಳನ್ನು ತಿರುಗಿಸಿದರಾಯಿತು. ಮಾಳಿಗೆಯ ಮೇಲೆ ಬಿಸಿಲು ಬೀಳುವ ಸ್ವಂತ ಮನೆಯಾದರೆ ಸೌರ ನೀರೊಲೆ ಈ ಲೆಕ್ಕವನ್ನೇ ಅಳಿಸಿಹಾಕುತ್ತದೆ. ಹಗಲಿನ ಬಿಸಿಲನ್ನು ಮರುದಿನದ ಬೆಳಗಿನವರೆಗೆ ಕೂಡಿಡುವ ಅದರ ತೊಟ್ಟಿಗೆ ದಪ್ಪನೆಯ ಹೊದಿಕೆ ಇರುವುದನ್ನು ಯಾರೂ ನೋಡಬಹುದು. ಕೋಣೆಯ ಹೀಟರು ಕೊಳ್ಳುವುದಕ್ಕೆ ಮುಂಚೆ ಸಂಜೆಯಾಗುತ್ತಲೇ ಕಿಟಕಿ ಮುಚ್ಚಿ, ದಪ್ಪನೆಯ ಪರದೆ ಎಳೆದು, ಬಾಗಿಲಿನ ಅಡಿಗೆ ಹಳೆಯ ಬಟ್ಟೆಯ ಸುರುಳಿಯೊಂದನ್ನು ಇಟ್ಟು ನೋಡುವುದು ಒಳ್ಳೆಯದು. ಮನೆಯನ್ನೆಲ್ಲ ಕಾಯಿಸುವುದಕ್ಕಿಂತ ಮಗುವಿನ, ಮುದುಕರ ಹಾಸಿಗೆಯನ್ನು ಬೆಚ್ಚಗಿಡುವುದು ಅಗ್ಗ. ಅದು ಹುಳುಮನೆಯ ಪರದೆಯ ಪಾಠವೇ. ಸುಖದ ಲಕ್ಷಣಗಳನ್ನು ಎಣಿಸುವಾಗ ಬೆಚ್ಚನೆಯ ಮನೆಯನ್ನು ಮೊದಲಿಗಿಟ್ಟ ಸರ್ವಜ್ಞನು ಲೋಕ ಬಲ್ಲವನು.

ಆದರೆ ಜಾಣತನವೊಂದೇ ಎಲ್ಲಕ್ಕೂ ಉತ್ತರವಲ್ಲ. ಪಟ್ಟಣದಲ್ಲಿ ಕರೆಂಟು ಹೋದರೆ ಸ್ನಾನ ತಡವಾಗುತ್ತದೆ. ಹುಳುಮನೆಯಲ್ಲಿ ಹೋದರೆ ಒಂದು ಬೆಳೆ ಅಲುಗಾಡುತ್ತದೆ. ಉರಿದ ಯೂನಿಟ್ಟನ್ನು ಮೀಟರು ಎಣಿಸುತ್ತದೆ. ಉರಿಯದೆ ಹೋದ ಗಂಟೆಗಳಲ್ಲಿ ಕಳೆದುದನ್ನು ಎಣಿಸುವ ಮೀಟರು ಇನ್ನೂ ಬಂದಿಲ್ಲ. ರಾತ್ರಿ ಬೆಚ್ಚಗಿರಬೇಕಾದ ಮನೆಗಳು ಯಾವ ಯಾವ ಊರಿನಲ್ಲಿ, ಯಾವ ತಿಂಗಳಿನಲ್ಲಿ ಇವೆಯೆಂಬುದು ಗುಟ್ಟಿನ ವಿಷಯವಲ್ಲ. ದುರಸ್ತಿಗೆಂದು ತಂತಿ ನಿಲ್ಲಿಸುವ ಗಂಟೆಗಳನ್ನು ಹಗಲಿಗೆ ಇಡುವುದು, ಭಾರ ತಾಳದ ಟ್ರಾನ್ಸ್‌ಫಾರ್ಮರನ್ನು ಚಳಿಗೆ ಮುಂಚೆಯೇ ಬದಲಿಸುವುದು, ಹುಳುಮನೆ ಕಟ್ಟಲು ಕೊಡುವ ಸಹಾಯದಲ್ಲಿ ಒಳಮಾಡಿಗೂ ಒಂದು ಪಾಲು ಇಡುವುದು ಅಸಾಧ್ಯವಾದ ಕೆಲಸಗಳಲ್ಲ.

ಆ ಇರುಳಿಗೆ ಮರಳಿದರೆ, ಬೆಳಗಿನ ಜಾವ ನಾಲ್ಕರ ಸುಮಾರಿಗೆ ದೀಪ ಮತ್ತೆ ಹೊತ್ತುತ್ತದೆ. ಸೊಸೆ ಮೊದಲು ನೋಡುವುದು ಗೋಡೆಯ ಉಷ್ಣಮಾಪಕವನ್ನು. ಇಪ್ಪತ್ತೆರಡು. ಇಳಿದಿದೆ, ಕೈಮೀರಿ ಇಳಿದಿಲ್ಲ. ಅತ್ತೆ ಅಗ್ಗಿಷ್ಟಿಕೆಯನ್ನು ಎರಡೂ ಕೈಯಿಂದ ಎತ್ತಿ ಅಂಗಳಕ್ಕೆ ಒಯ್ಯುತ್ತಾಳೆ. ಹೀಟರು ಮೆಲ್ಲನೆ ಕೆಂಪಾಗುತ್ತದೆ. ಒಂದಷ್ಟು ಹೊತ್ತು ಎಲ್ಲವೂ ನಿಶ್ಶಬ್ದ. ಆಮೇಲೆ ಅಟ್ಟಣೆಯ ಒಂದು ಮೂಲೆಯಿಂದ, ಮತ್ತೊಂದು ಮೂಲೆಯಿಂದ, ಹಂಚಿನ ಮೇಲೆ ಹನಿ ಮಳೆ ಬಿದ್ದಂಥ ಸಣ್ಣ ಸದ್ದು ಶುರುವಾಗುತ್ತದೆ. ಹುಳುಗಳು ಮತ್ತೆ ಸೊಪ್ಪಿಗೆ ಬಾಯಿ ಹಾಕಿವೆ.

“ತಿಂತಾವೆ ಕಣತ್ತೆ” ಎನ್ನುತ್ತಾಳೆ ಸೊಸೆ. ಆಗ ಇಬ್ಬರೂ ಮಲಗಲು ಹೋಗುತ್ತಾರೆ.